ಗುಮಾಸ್ತರ ಬೆನ್ನುನೋವು

ಮನೆ ಬದಲಾಯಿಸುವ ದಿನ ಗುಮಾಸ್ತರ ಹೆಂಡತಿ ಹಾಕಿದ ಷರತ್ತು ಒಂದೇ: ಕಿರುಗುಟ್ಟುವ ಆ ಹಳೇ ಕುರ್ಚಿ ಹೊಸ ಮನೆಯ ಹೊಸ್ತಿಲು ದಾಟಕೂಡದು.

ಕಚೇರಿಯಲ್ಲಿ ದಿನವಿಡೀ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವ ಗುಮಾಸ್ತರು ಮಹಾರಾಜರಾಗುತ್ತಿದ್ದುದು ಸಂಜೆ ಆ ಕುರ್ಚಿಯಲ್ಲಿ ಒರಗಿದಾಗ ಮಾತ್ರ. ಅದನ್ನು ಬಿಟ್ಟು ಹೋಗುವುದೆಂದರೆ ಕರುಳು ಕಿತ್ತು ಬಂದಂತಾಯಿತು. ಹೆಂಡತಿ ಅಡುಗೆಮನೆಯ ಡಬ್ಬಗಳನ್ನು ಕಟ್ಟುತ್ತಿದ್ದಾಗ ಅವರು ಹಿತ್ತಲಲ್ಲಿ ಕೂತು ಸ್ಕ್ರೂ ಬಿಚ್ಚಿದರು. ಕುರ್ಚಿಯ ಕಾಲುಗಳು ಹಾಸಿಗೆಯ ಸುರುಳಿಯೊಳಗೆ ಹೋದವು, ಕೈಗಳು ಬಟ್ಟೆಯ ಟ್ರಂಕಿಗೆ, ಕೂರುವ ಹಲಗೆ ನಿಲುಗನ್ನಡಿಯ ಹಿಂದಕ್ಕೆ. ಒರಗುವ ಹಲಗೆಗೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ. ಅಷ್ಟರಲ್ಲಿ ಹೆಂಡತಿಯ ಚಪ್ಪಲಿ ಸದ್ದು. ಗುಮಾಸ್ತರು ಹಲಗೆಯನ್ನು ಅಂಗಿಯೊಳಗೆ ಬೆನ್ನಿಗೆ ತೂರಿಸಿಕೊಂಡು ಸೆಟೆದು ನಿಂತರು.

"ಯಾಕ್ರೀ ಹಾಗೆ ನಿಂತಿದೀರಿ?"

"ಬೆನ್ನು ಹಿಡ್ಕೊಂಡಿದೆ ಕಣೇ."

ಸುದ್ದಿ ಗೋಡೆ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಕ್ಕದ ಮನೆಯಲ್ಲಿದ್ದ ಆಸ್ಪತ್ರೆಯ ಕಾಂಪೌಂಡರ್ ಎಣ್ಣೆ ಶೀಶೆ ಹಿಡಿದು ಹಾಜರಾದರು. "ಅಂಗಿ ಬಿಚ್ಚಿ ಗುಮಾಸ್ತರೇ, ಒಂದ್ಸಲ ಉಜ್ಜಿಬಿಡ್ತೀನಿ."

"ಬೇಡಿ ಸಾರ್, ಎಣ್ಣೆ ನನಗೆ ಆಗಿಬರಲ್ಲ."

ಮಹಡಿ ಮನೆಯ ಅಜ್ಜಿ ಬಿಸಿನೀರಿನ ಚೀಲದೊಂದಿಗೆ ಇಳಿದು ಬಂದರು. "ನನ್ನ ಹತ್ರ ಏನಪ್ಪಾ ಸಂಕೋಚ," ಎನ್ನುತ್ತ ಬೆನ್ನು ಮುಟ್ಟಿ ಗಾಬರಿಯಾದರು. "ಅಯ್ಯೋ, ಒಳ್ಳೇ ಮರ ಆದ ಹಾಗೆ ಆಗಿದೆಯಲ್ಲೋ."

ಕಾಂಪೌಂಡರ್ ಬೆರಳಿನಿಂದ ತಟ್ಟಿದರು. ಟಕ್ ಟಕ್ ಎಂದಿತು. ಗಂಭೀರ ಮುಖ ಮಾಡಿ ಗುಮಾಸ್ತರ ಹೆಂಡತಿಯತ್ತ ತಿರುಗಿದರು. "ನನ್ನ ಸರ್ವೀಸಲ್ಲೇ ಇಂಥ ಬೆನ್ನು ನೋಡಿಲ್ಲ ತಾಯಿ. ಇನ್ನು ಮೇಲೆ ಇವರು ನೆಲದ ಮೇಲೇ ಕೂರಬೇಕು, ನೆಲದ ಮೇಲೇ ಮಲಗಬೇಕು."

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಬಗ್ಗಲಾರದ ಗುಮಾಸ್ತರು ಲಾರಿಯ ಹಿಂದುಗಡೆ ಕಂಬದ ಹಾಗೆ ನಿಂತೇ ಹೊಸ ಮನೆ ಸೇರಿದರು. ಆಳುಗಳು ಸಾಮಾನೆಲ್ಲ ಇಳಿಸಿದ ಮೇಲೆ ಲಾರಿಯನ್ನು ಕಳಿಸಿ, ಇನ್ನಾದರೂ ಬಚ್ಚಲುಮನೆಗೆ ಹೋಗಿ ಹಲಗೆ ತೆಗೆಯೋಣ ಎಂದು ಹೊರಟರೆ ಹೆಂಡತಿ ನಡುಮನೆಗೆ ಕರೆದರು. ಅಲ್ಲಿ ಬಿಚ್ಚಿದ ಹಾಸಿಗೆ, ತೆರೆದ ಟ್ರಂಕಿನ ನಡುವೆ ಕುರ್ಚಿ ಕೈಕಾಲು ಕೂಡಿಸಿಕೊಂಡು ನಿಂತಿತ್ತು. ಹೆಂಡತಿಯ ಕೈಯಲ್ಲಿ ಸ್ಕ್ರೂಡ್ರೈವರ್.

"ಬೆನ್ನಲ್ಲಿರೋದನ್ನ ಕೊಡಿ ಇಲ್ಲಿ."

ಗುಮಾಸ್ತರು ಹಲಗೆ ಎಳೆದು ಕೊಟ್ಟರು. ಹೆಂಡತಿ ಅದನ್ನೂ ಕೂರಿಸಿ, ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ಮೆಲ್ಲಗೆ ಕೂತು ಹಿಂದಕ್ಕೆ ಒರಗಿದರು. ಕಣ್ಣು ತಾನಾಗಿ ಮುಚ್ಚಿತು.

"ಇಷ್ಟು ವರ್ಷ ನೀವು ಎದ್ದಿದ್ರೆ ತಾನೇ ನಾನು ಕೂತು ನೋಡೋದು? ಚೆನ್ನಾಗಿದೆ ರೀ. ಇರಲಿ ಬಿಡಿ."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಒಂಚೂರು ಏಳು, ಬೆಳಗ್ಗೆಯಿಂದ ನಿಂತೇ ಇದೀನಿ."

ಹೆಂಡತಿ ಕಣ್ಣು ಬಿಡದೆ ಮೂಲೆಯ ಚಾಪೆಯತ್ತ ಕೈ ತೋರಿಸಿದರು. "ನಿಮಗೆ ನೆಲ ಅಂತ ಹೇಳಿದಾರಲ್ಲ. ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗಿ ಅಂತ ಕಾಂಪೌಂಡರಿಗೆ ಹೇಳಿ ಬಂದಿದೀನಿ."