ಮಾವನ ಬಾವಿಗೆ ಸರ್ಕಾರದ ಟೇಪು

ನಮ್ಮ ಸೋದರಮಾವನಂಥ ನಂಬಿಗಸ್ತ ಮನುಷ್ಯ ಇಡೀ ಗೋವಾದಲ್ಲಿ ಇನ್ನೊಬ್ಬನಿಲ್ಲ. ನೀವು ಮನೆಯ ಬೀಗದ ಕೈ ಅವನಿಗೆ ಕೊಟ್ಟು ನಿಶ್ಚಿಂತೆಯಿಂದ ಊರಿಗೆ ಹೋಗಬಹುದು. ಆದರೆ ಅದನ್ನು ತನಗೇ ಯಾಕೆ ಕೊಟ್ಟಿರಿ, ಒಳಗೆ ಏನು ಬಚ್ಚಿಟ್ಟಿದ್ದೀರಿ, ನಾಳೆ ಪೊಲೀಸರು ಬಂದರೆ ಯಾರ ಹೆಸರು ಹೇಳುತ್ತೀರಿ ಎಂದು ನೀವು ಮರಳುವ ತನಕ ಅವನಿಗೆ ನಿದ್ದೆ ಬರುವುದಿಲ್ಲ, ಅಷ್ಟೆ!

ಈ ಸಂಶಯಕ್ಕೆ ಮೇಲು ಕೀಳೆಂಬ ಭೇದವಿರಲಿಲ್ಲ. ದಾಬೋಲಿಮ್‌ನಿಂದ ಎದ್ದ ವಿಮಾನ ಮಾವನಿದ್ದ ಸಡಾದ ಗುಡ್ಡದ ಮೇಲೆ ತಗ್ಗಿ ಹಾರಿದರೆ, ಯಾರ ಮನೆಯ ತಗಡಿಗೆ ಪರವಾನಗಿ ಇಲ್ಲವೆಂದು ನೋಡಲು ಬಂದಿದೆ. ಮೀನಿನವಳು ಒಂದು ಬಂಗಡೆ ಹೆಚ್ಚಿಗೆ ಹಾಕಿದರೆ ಅದು ನಿನ್ನೆಯದು. ಆಗಷ್ಟೇ ಎಲ್ಲರ ಕೈಗೂ ಮೊಬೈಲು ಬರುತ್ತಿತ್ತು. ಕಂಪನಿಯವರು ದೀಪಾವಳಿಯ ಶುಭಾಶಯ ಕಳಿಸಿದ್ದೇ ತಡ, ಮಾವ ಹಬ್ಬ ಮುಗಿಯುವವರೆಗೆ ಫೋನು ಬಂದ್ ಮಾಡಿಟ್ಟ. "ಗುರ್ತಿಲ್ಲ, ಪರಿಚಯಿಲ್ಲ. ನನಗ ಚಲೋ ಆಗಲಿ ಅನ್ನಾಕ ಇಂವಾ ಯಾಂವಾ?" ಎಂದು ನನ್ನನ್ನೇ ದುರುಗುಟ್ಟಿ ನೋಡಿದ.

ಇಂಥವನು ಪೂರ್ತಿ ನಂಬಿದ್ದು ಒಂದನ್ನೇ: ತಾನು ತೋಡಿದ ಬಾವಿಯನ್ನು. ವಿಜಾಪುರದ ಕಡೆಯಿಂದ ಬಂದರಿನ ಹಮಾಲಿ ಕೆಲಸಕ್ಕೆ ಬಂದ ಮಾವ, ಸಡಾದ ಇಳಿಜಾರಿನ ಕೆಳಗೆ, ಸಮುದ್ರದ ಕಡೆಗೆ ಮನೆ ಕಟ್ಟಿಕೊಂಡಿದ್ದ. ನಳ ಇದ್ದದ್ದು ಮೇಲಿನ ರಸ್ತೆಯಲ್ಲಿ. ನಡುವೆ ಕೆಂಪುಕಲ್ಲಿನಲ್ಲಿ ಕಡಿದ ಕಡಿದಾದ ಮೆಟ್ಟಿಲು. ಮೊದಲ ಮಳೆಗಾಲದಲ್ಲೇ ಅತ್ತೆ ತುಂಬಿದ ಕೊಡದ ಸಮೇತ ಅಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಳು. "ಇನ್ನ ಮ್ಯಾಲ ನೀ ಆ ಪಾವಟಗಿ ಹತ್ತೂದು ಬ್ಯಾಡ" ಎಂದ ಮಾವ, ಹಗಲೆಲ್ಲ ಬಂದರಿನಲ್ಲಿ ಮೂಟೆ ಹೊತ್ತು, ಸಂಜೆ ಹಾರೆ ಹಿಡಿದು, ಕಲ್ಲನ್ನು ಒಬ್ಬನೇ ಕಡಿದು ನೀರು ತೆಗೆದ. ಊಟಕ್ಕೆ ಕೂತಾಗ ತಂಬಿಗೆ ಎತ್ತಿ ಗಟಗಟ ಕುಡಿದು, "ಸಕ್ರಿ ಐತಿ, ಸಕ್ರಿ" ಎನ್ನುವುದು ಅವನ ನಿತ್ಯದ ಮಂತ್ರವಾಯಿತು. ವಾಸ್ಕೋದ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಪ್ರತಿ ಬುಧವಾರದ ಸೂಟಿಗೆ ಅಲ್ಲಿ ಊಟಕ್ಕೆ ಹೋಗುತ್ತಿದ್ದೆ. ಮಾವನಿಗೂ ಅಂದೇ ರಜೆ. ಪಲ್ಯಕ್ಕಿಂತ ಮೊದಲು ಬಾವಿಯನ್ನು ಹೊಗಳಬೇಕಿತ್ತು.

ಆ ಬಾವಿಯನ್ನು ಅಳೆಯಲು ಸರ್ಕಾರ ಬಂತು ನೋಡಿ!

ನೆಲದ ಒಳಗಿನ ನೀರು ಏರಿತೇ, ಇಳಿಯಿತೇ, ಕೆಟ್ಟಿತೇ ಎಂದು ವರ್ಷದಲ್ಲಿ ಕೆಲವು ಸಲ ಅಲ್ಲಲ್ಲಿ ಬಾವಿಗಳನ್ನು ನೋಡುವ ಇಲಾಖೆ ಅದು. ಬಂದವಳು ಕಾರವಾರ ಕಡೆಯ ಹುಡುಗಿ. ಓಣಿಗೆಲ್ಲ ಅವಳು ಮೇಡಮ್. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗಿಳಿಸುತ್ತಿದ್ದಳು. ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದನ್ನು ನೋಡಿ ನೀರಿನ ಆಳ ಬರೆದುಕೊಳ್ಳುತ್ತಿದ್ದಳು. ಹೋಗುವಾಗ ಗುರುತಿಗೆಂದು ಬಾವಿಯ ಕಟ್ಟೆಗೆ ಬಿಳಿ ಬಣ್ಣದಲ್ಲಿ ಒಂದು ನಂಬರು ಹಾಕಿದಳು. ಅವಳು ಓಣಿ ದಾಟಿದ್ದೇ ಮಾವ, "ಕೆಡವೂಕಿಂತ ಮೊದಲ ಹಿಂಗ ನಂಬರ್ ಹಾಕ್ತಾರ" ಎಂದು ತೆಂಗಿನ ನಾರಿನಿಂದ ತಿಕ್ಕಿ ಅಳಿಸಿದ. ಮುಂದಿನ ಸಲ ಅವಳು ಮತ್ತೆ ಬರೆದಳು, ಇವನು ಮತ್ತೆ ತಿಕ್ಕಿದ. ಆ ಬಾವಿಯ ಕಟ್ಟೆ ಅಷ್ಟು ಲಕಲಕ ಹೊಳೆದದ್ದು ಅದೇ ವರ್ಷ.

ಅಳಿಸಿದರೂ ಅವಳು ಬರುವುದು ನಿಲ್ಲದಾಗ ಮಾವ ಕಾನೂನು ಹೇರಿದ. ನಮ್ಮ ಕಡೆ ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಚಪ್ಪಲಿ ಬಿಡಬೇಕು, ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನಬೇಕು. ಇಲ್ಲವಾದರೆ ರಾಶಿ ಕರಗುತ್ತದೆ. "ಬಾವಿನೂ ರಾಶಿನ ಅಲ್ಲೇನ್ರಿ? ಚಪ್ಪಲ್ ಬಿಡ್ರಿ. ಒಂದು ಅನಬ್ಯಾಡ್ರಿ" ಎಂದ.

"ಕಾಕಾ, ಮೀಟರಿಗೆ ಲಾಭ ಅಂತ ಹೇಳೋದು ಹೇಗೆ?"

"ಬಾಯಿಲೆ ಹೇಳ್ರಿ."

ಪಾಪ, ಅವಳು ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಲಾಭ, ಎರಡು, ಮೂರು ಎಂದು ಎಣಿಸುತ್ತ ಟೇಪು ಬಿಟ್ಟಳು. ಸರ್ಕಾರದ ಇತಿಹಾಸದಲ್ಲಿ ಲಾಭದಿಂದ ಶುರುವಾದ ಅಳತೆ ಅದೊಂದೇ ಇರಬೇಕು!

ಇಷ್ಟಾದರೂ ಮಾವನಿಗೆ ಸಮಾಧಾನವಿಲ್ಲ. ನೀರು ಹೆಚ್ಚಿದ್ದರೆ ಸರ್ಕಾರ ಪೈಪು ಹಾಕಿ ಒಯ್ಯುತ್ತದೆ, ಕಡಿಮೆ ಇದ್ದರೆ ಬಾವಿ ಮುಚ್ಚಿಸುತ್ತದೆ. ಹಾಗಾದರೆ ಎಷ್ಟಿರಬೇಕು? ಮೇಡಮ್ ಬರುವ ಹಿಂದಿನ ಸಂಜೆ, ಹೆಚ್ಚಾಯಿತೆಂದು ಸೇದಿ ಸೇದಿ ಮನೆಯ ಪಾತ್ರೆ, ಪಡಗ ಎಲ್ಲ ತುಂಬಿಸಿದ. ಇಣುಕಿ ನೋಡಿ, ಕಡಿಮೆಯಾಯಿತೆಂದು ಅಷ್ಟನ್ನೂ ತಿರುಗಿ ಸುರಿದ. ಟೇಪಿಗೆ ಇದರಿಂದ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಮಾವನ ಸೊಂಟಕ್ಕೆ ಮಾತ್ರ ಚೆನ್ನಾಗಿ ಗೊತ್ತಾಯಿತು.

ಬೇಸಿಗೆಯ ಒಂದು ಬುಧವಾರ ಮೇಡಮ್ ಟೇಪಿನ ಜೊತೆಗೆ ಪೆನ್ನಿನಂಥ ಒಂದು ಯಂತ್ರ ತಂದಳು. ಬಾವಿಯಿಂದ ಸೇದಿದ ನೀರಿಗೆ ಅದನ್ನು ಅದ್ದಿದಳು. ಅಂಕಿ ಏರುತ್ತಲೇ ಹೋಯಿತು. ಅವಳ ಮುಖ ಸಣ್ಣಗಾಯಿತು.

"ಕಾಕಾ, ನೀರು ಉಪ್ಪಾಗಿದೆ. ಸಮುದ್ರ ನೆಲದ ಒಳಗಿಂದ ಬರ್ತಾ ಇದೆ. ಇದನ್ನ ಕುಡೀಬೇಡಿ."

ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮಾವ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ, ಮೂಸಿದ. "ಉಪ್ಪು ನಿಮ್ಮ ಕಡ್ಡ್ಯಾಗ ಐತ್ರಿ" ಎಂದ. "ನಾ ದಿನಾ ಇದನ್ನ ಕುಡಿಯಾಕತ್ತೇನಿ. ತಡೀರಿ, ನಿನ್ನಿ ನಾನ ಸೇದಿಟ್ಟ ಕೊಡ ಮನ್ಯಾಗ ಐತಿ. ಅದರಾಗ ಅದ್ದಿ ತೋರಸ್ರಿ."

"ಅದ್ಯಾಕ್ರಿ ಈಗ, ಬಿಡ್ರಿ" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಮಾವ ಕೇಳಬೇಕಲ್ಲ! ಕೊಡ ತಂದು ನಡು ಓಣಿಯಲ್ಲಿಟ್ಟ. ಯಂತ್ರ ಅದ್ದಿದರೆ ಅಂಕಿ ಇಷ್ಟೇ ಇಷ್ಟು ಏರಿ ನಿಂತುಬಿಟ್ಟಿತು. ಸಿಹಿನೀರು!

"ನೋಡಿದ್ರಿಲ್ಲ" ಎಂದು ಮಾವ ಓಣಿಯ ಕಡೆ ತಿರುಗಿದ. ಹೆಂಗಸರು ನೆಲ ನೋಡುತ್ತಿದ್ದರು. ಮೇಡಮ್ ಮಾತ್ರ ಏನೂ ಅರಿಯದೆ, "ಇದು ಈ ಬಾವಿದಲ್ಲ ಕಾಕಾ. ನಳದ ನೀರು" ಎಂದುಬಿಟ್ಟಳು.

ಮಾವ ಅತ್ತೆಯನ್ನು ನೋಡಿದ. ಜಗತ್ತನ್ನೆಲ್ಲ ಅನುಮಾನಿಸಿದವನು ಈ ಒಬ್ಬಳ ಕಡೆ ಎಂದೂ ಕಣ್ಣು ಕಿರಿದು ಮಾಡಿರಲಿಲ್ಲ. ಮುಂಜಾನೆ ಬಾಯಿತುಂಬ ತಂಬಾಕಿಟ್ಟುಕೊಂಡು, ರುಚಿ ನೋಡದೆ ಅವನು ಸೇದಿಡುತ್ತಿದ್ದ ಕೊಡದ ನೀರು ಬಟ್ಟೆ ಒಗೆಯಲು ಹೋಗುತ್ತಿತ್ತು. ಅವನು ಬಂದರಿಗೆ ಹೋದ ಮೇಲೆ ಅತ್ತೆ ಮೇಲಿನ ನಳದಿಂದ ತಂದು ಅದೇ ಕೊಡ ತುಂಬಿಡುತ್ತಿದ್ದಳು. ಓಣಿಗೆಲ್ಲ ಗೊತ್ತಿತ್ತು.

"ಯಾವಾಗಿಂದ?"

"ಎರಡ ಬ್ಯಾಸಗಿ ಆತ್ರಿ."

"ಆ ಪಾವಟಗಿ ಹತ್ತಿ?"

"ಹೌದ್ರಿ."

"ನನಗ್ಯಾಕ ಹೇಳಲಿಲ್ಲ?"

ಅತ್ತೆ ಸೆರಗಿನ ತುದಿ ಹಿಂಡುತ್ತ ನಿಂತಳು. "ನೀವು ನನ್ನ ಸಲುವಾಗಿ ಅದನ್ನ ಕೈಲೆ ತೋಡಿದ್ರಿ. ಅದನ್ನ ಉಪ್ಪು ಅಂತ ನಾ ಯಾವ ಬಾಯಿಲೆ ಅನ್ಲಿ?"

ಮಾವ ಬಾವಿಯ ಕಟ್ಟೆಯ ಮೇಲೆ ಕುಳಿತ. ಜಗಳವಾಡುತ್ತಾನೆಂದು ನಾನು ಕಾದೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾದುದನ್ನು ನಾನು ಕಂಡಿರಲಿಲ್ಲ. ಅವನು ಬಾವಿಯೊಳಗೆ ಒಮ್ಮೆ ಇಣುಕಿ, ಮೇಡಮ್ ಕಡೆ ತಿರುಗಿ, "ಉಪ್ಪು ಅಂತ ಬರಕೊಳ್ರಿ" ಎಂದ.

ಮರುದಿನದಿಂದ ಬಂದರಿಗೆ ಹೋಗುವ ಮೊದಲು ನಳಕ್ಕೆ ಹೋಗುವವನು ಮಾವನೇ. ಹೆಂಗಸರ ಸಾಲಿನಲ್ಲಿ ಮೀಸೆಯ ಒಬ್ಬನೇ ಆಸಾಮಿ. ಬಂದರಿನಲ್ಲಿ ಕ್ವಿಂಟಲ್‌ಗಟ್ಟಲೆ ಹೊತ್ತವನಿಗೆ ಕೊಡ ಹೊರಲು ಮಾತ್ರ ಬರುತ್ತಿರಲಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಅರ್ಧ ನೀರು ಅವನ ಅಂಗಿಯ ಮೇಲೆ. ಬಾಗಿಲಲ್ಲಿ ಕೊಡ ಇಳಿಸಿ, "ತುಂಬೇತಿ ನೋಡು" ಎನ್ನುತ್ತಿದ್ದ.

ಅತ್ತೆ ಕೊಡದೊಳಗೆ ಇಣುಕಿ ನೋಡಿ, "ಹೌದ್ರಿ, ತುಂಬೇತಿ" ಎನ್ನುತ್ತಿದ್ದಳು.