ಬಾರದ ಗಂಡಿನವರಿಗೆ ಹಿಡಿದಿಟ್ಟ ಕೋಣೆ

ಬರುತ್ತೇವೆಂದು ಹೇಳಿ ಬಾರದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ದಡ್ಡತನ ಎಂಬುದು ನನ್ನ ಖಚಿತ ಅಭಿಪ್ರಾಯ. ಬಂದವರ ಮೇಲೆ ಸಿಟ್ಟಾಗುವುದಕ್ಕೇ ಮನುಷ್ಯನಿಗೆ ಪುರಸತ್ತು ಸಾಲದಿರುವಾಗ, ಬಾರದವರಿಗಾಗಿ ಅದನ್ನು ಏಕೆ ಖರ್ಚು ಮಾಡಬೇಕು? ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ. ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಕೂಗಳತೆಯಲ್ಲಿ ನನ್ನ ಮನೆ. ಬೀದಿಯ ಕಡೆ ಬಾಗಿಲಿರುವ ಎರಡು ಕೋಣೆಗಳನ್ನು ಒಂದು ದಿನಕ್ಕೆ, ಎರಡು ದಿನಕ್ಕೆ ಎಂದು ಬಾಡಿಗೆಗೆ ಕೊಡುತ್ತೇನೆ. ರಾಗಿ ತುಂಬಿಡಲು ನಮ್ಮಪ್ಪ ಕಟ್ಟಿಸಿದ ಕೋಣೆಗಳು ಅವು. ನಾನು ಅವುಗಳಲ್ಲಿ ಗಂಡಿನವರನ್ನು ತುಂಬುತ್ತೇನೆ.

ಗಂಡಿನವರು ಎಂದರೆ ಹೆಣ್ಣು ನೋಡಲು ಬರುವವರು. ನಮ್ಮವರಲ್ಲಿ ಮಾತುಕತೆ ಕುದುರುವ ತನಕ ಅವರು ಹೆಣ್ಣಿನ ಮನೆಯಲ್ಲಿ ಉಣ್ಣುವುದಿಲ್ಲ. ಉಪ್ಪು ತಿಂದ ಮೇಲೆ ಹುಡುಗಿ ಬೇಡವೆನ್ನಲು ನಾಲಿಗೆ ಏಳುವುದಿಲ್ಲವಲ್ಲ, ಅದಕ್ಕೆ. ಹಾಗೆಂದು ದೂರದಿಂದ ಬಂದವರು ಉಪವಾಸ ಇರಲಾದೀತೆ? ನನ್ನ ಬಿಡಾರದಲ್ಲಿ ಇಳಿಯುತ್ತಾರೆ. ಹೆಣ್ಣಿನ ಮನೆಯವರು ಅಡುಗೆ ಮಾಡಿ ನಮ್ಮ ಹಿತ್ತಿಲ ಬಾಗಿಲಿನಿಂದ ಕಳಿಸುತ್ತಾರೆ. ನನ್ನ ಹೆಂಡತಿ ಅದನ್ನು ಮುಂದಿನ ಕೋಣೆಯಲ್ಲಿ ಬಡಿಸುತ್ತಾಳೆ. ಗಂಡಿನ ತಾಯಿ ಎರಡನೆಯ ಸಲ ಸಾರು ಹಾಕಿಸಿಕೊಳ್ಳುವ ಗಳಿಗೆ ನೋಡಿಕೊಂಡು ನಾನು, "ಇದು ಹುಡುಗಿ ಕೈಯಡುಗೆ ಕಣಮ್ಮಾ" ಎಂದುಬಿಡುತ್ತೇನೆ. ಶಾಸ್ತ್ರವೂ ಉಳಿಯಿತು, ಹೊಟ್ಟೆಯೂ ತುಂಬಿತು, ಅರ್ಧ ಮದುವೆಯೂ ಆಯಿತು.

ಈ ಕಸುಬಿಗೆ ಶತ್ರುವೆಂದರೆ ಮಳೆ. ಯುದ್ಧ ಶುರುವಾಗಿ ಪೆಟ್ರೋಲು ಕಣ್ಮರೆಯಾದ ಮೇಲೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿವೆ. ನಾಲ್ಕು ಹನಿ ಬಿದ್ದರೆ ಸಾಕು, ಕೆಮ್ಮಲು ಶುರುಮಾಡುತ್ತವೆ. ಗಂಡಿನವರೂ ಅಷ್ಟೇ. ಹೊರಡುವಾಗ ಮೋಡ ಕಂಡರೆ ಅಪಶಕುನ. ಮನೆಯ ಕೊಡೆ ಹರಿದಿದ್ದರೆ ಇನ್ನೂ ದೊಡ್ಡ ಅಪಶಕುನ. ನನ್ನ ಪದ್ಧತಿ ಸರಳ. ಬಾರದವರನ್ನು ಬೈಯಬಾರದು, ಕೋಣೆ ಖಾಲಿ ಬಿಡಬಾರದು. ಒಬ್ಬನನ್ನು ಮನೆಯಿಂದ ಹೊರಡದಂತೆ ಮಾಡಿದ ಮಳೆ ಇನ್ನೊಬ್ಬನನ್ನು ಮನೆ ಸೇರದಂತೆ ಮಾಡಿಯೇ ಇರುತ್ತದೆ. ಅವನು ಯಾವುದೋ ಸೂರಿನ ಕೆಳಗೆ ನಡುಗುತ್ತಿರುತ್ತಾನೆ, ಹುಡುಕಿ ತಂದರಾಯಿತು. ಇದನ್ನು ಕೇಳಿದ ನನ್ನ ಭಾವಮೈದ, "ನಿಮ್ದು ಬಿಡಾರ ಅಲ್ಲ ಭಾವ, ಬೋನು" ಎಂದ. ಅವನು ಬಂದಾಗಲೆಲ್ಲ ಬಾಡಿಗೆ ಇಲ್ಲದೆ ಮಲಗಿ ಹೋಗುವುದರಿಂದ ಅವನ ಅಭಿಪ್ರಾಯಕ್ಕೆ ನಾನು ಬೆಲೆ ಕೊಡುವುದಿಲ್ಲ.

ಒಮ್ಮೆ ಎದುರುಮನೆಯ ಮುನಿಶಾಮಪ್ಪನ ಮಗಳು ಜಯಮ್ಮನನ್ನು ನೋಡಲು ಸಾಸಲಿನವರು ಬರುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲು ಬೇರೊಂದು ಊರಿನವರು ಮಳೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದರಿಂದ, ಹುಡುಗಿಯ ಗಳಿಗೆ ಸರಿಯಿಲ್ಲವೆಂದು ಬೀದಿಯ ಹೆಂಗಸರು ಪಿಸುಗುಡುತ್ತಿದ್ದರು. ಇನ್ನೊಮ್ಮೆ ತಪ್ಪಿದರೆ ಆ ಮಾತು ಅವಳಿಗೆ ಅಂಟಿಕೊಂಡೇಬಿಡುತ್ತಿತ್ತು. ಆಮೇಲೆ ಯಾವ ಗಂಡೂ ಆ ಹೊಸಲು ತುಳಿಯುತ್ತಿರಲಿಲ್ಲ. ಅವತ್ತು ಬೆಳಗಿನಿಂದ ಸುರಿದ ಮಳೆಗೆ ಕೆರೆ ಕೋಡಿ ಬಿತ್ತು. ದೇವನಹಳ್ಳಿ ಕಡೆಯ ಬಸ್ಸಿನ ಕಂಡಕ್ಟರು ತಲೆಗೆ ಗೋಣಿಚೀಲ ಹೊದ್ದು ಬಂದು, "ಸಾಸಲಿನವ್ರು ಬರಕ್ಕಿಲ್ವಂತೆ ಗೌಡ್ರೇ. ಮುಂದೆ ನೋಡಾನ ಅಂದ್ರು" ಎಂದ. ಸುದ್ದಿ ಮುಟ್ಟಿಸಲು ಹೋದರೆ ಮುನಿಶಾಮಪ್ಪ ಜಗಲಿಯ ಮೇಲೆ ಕುಸಿದು ಕೂತ. "ಇನ್ನು ನನ್ ಮಗಳ್ನ ಯಾರು ಕೇಳ್ತಾರಣ್ಣಾ?" ಎಂದ. ಒಳಗೆ ಜಯಮ್ಮನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನಗೂ ಸಂಕಟವಾಯಿತು. ಸಂಕಟವಾದಾಗ ಧೈರ್ಯದ ಮಾತಾಡುವುದು ನನ್ನ ಚಾಳಿ. "ಅವರಿಲ್ದಿದ್ರೆ ಇನ್ನೊಬ್ರು ಕಣಪ್ಪಾ. ನೀನು ಅಡುಗೆ ಮಾತ್ರ ಕಳಿಸು" ಎಂದು ಹೇಳಿ, ಕೊಡೆ ಬಿಚ್ಚಿ ಬಸ್ಸು ನಿಲ್ಲುವ ಕಡೆಗೆ ನಡೆದೆ.

ನನ್ನ ಪದ್ಧತಿ ಸುಳ್ಳಾಗಲಿಲ್ಲ. ಅಂಗಡಿಯೊಂದರ ಸೂರಿನ ಕೆಳಗೆ ಜಡಿಗೇನಹಳ್ಳಿಯ ಒಬ್ಬ ಮುದುಕಿ, ಅವಳ ಮಗ ಕೃಷ್ಣಪ್ಪ ನೆನೆದು ತೊಪ್ಪೆಯಾಗಿ ನಿಂತಿದ್ದರು. ತಾಯಿಯ ಕಣ್ಣನ್ನು ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಊರಿನ ದಾರಿ ನೀರಿನಲ್ಲಿ ಮುಳುಗಿತ್ತು. ನಮ್ಮ ಪೈಕಿಯವರೇ, ಮಗನಿಗೆ ಮದುವೆಯಾಗಿಲ್ಲ, ಹೆಣ್ಣು ಹುಡುಕುತ್ತಿದ್ದಾರೆ ಎಂಬುದನ್ನೆಲ್ಲ ನಾಲ್ಕು ಮಾತಿನಲ್ಲಿ ತಿಳಿದುಕೊಂಡೆ. ಮಳೆ ನಿಂತರೂ ಕೋಡಿ ನಿಲ್ಲುವುದಿಲ್ಲವೆಂದು ಹೆದರಿಸಿ ಕರೆದುಕೊಂಡು ಬಂದೆ.

ಹೆಂಡತಿ ಒಳಗಿನಿಂದ ತಪ್ಪಲೆ ತಂದಳು. ನೋಡಿದರೆ ಮುದ್ದೆ, ಬಸ್ಸಾರು. ಒಬ್ಬಟ್ಟು ಬರಬೇಕಾಗಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಮುದುಕಿ ಮತ್ತೆ ಮತ್ತೆ ಸಾರು ಹಾಕಿಸಿಕೊಳ್ಳುವುದನ್ನು ಕಂಡು ನನಗೆ ಹುರುಪು ಬಂದುಬಿಟ್ಟಿತು. "ಎದುರುಮನೆ ಹುಡುಗಿ ಕೈಯಡುಗೆ ಕಣಮ್ಮಾ. ಮದುವೆಯಾದಾಗಿಂದ ನಮ್ಮನೇಲಿ ಇಂಥ ಸಾರು ನಾನು ಕಂಡೇ ಇಲ್ಲ" ಎಂದೆ. ಹೆಂಡತಿ ಸೌಟು ಹಿಡಿದು ನನ್ನನ್ನೇ ನೋಡಿದಳು. ನನ್ನ ಚಾತುರ್ಯಕ್ಕೆ ಬೆರಗಾಗಿದ್ದಾಳೆ ಎಂದುಕೊಂಡೆ.

"ನಂಗೆ ಕಣ್ಣು ಮಂಜು ಕಣಪ್ಪಾ. ಹುಡುಗೀನ ನಾಲಿಗೇಲೇ ನೋಡಿದ್ದಾಯ್ತು. ಇನ್ನು ಇವನು ನೋಡ್ಲಿ" ಎಂದಳು ಮುದುಕಿ. ಮಳೆಯಲ್ಲೇ ಕೃಷ್ಣಪ್ಪನನ್ನು ಎದುರುಮನೆಗೆ ಕರೆದುಕೊಂಡು ಹೋದೆ. ಜಯಮ್ಮ ತಾಂಬೂಲದ ತಟ್ಟೆ ತಂದಿಟ್ಟಳು. ಅವನು ಒಪ್ಪಿದ. ಅವಳನ್ನು ಕೇಳಿದರೆ, ಬಾಗಿಲ ಮರೆಯಲ್ಲಿ ನಿಂತು, "ಇವ್ರು ನೆನ್ಕೊಂಡೇ ಬಂದವ್ರಲ್ಲಾ" ಎಂದಳಷ್ಟೆ. ಮುನಿಶಾಮಪ್ಪ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.

ಸಂಜೆ ಜಗಲಿಯ ಮೇಲೆ ಕೂತು ಹೆಂಡತಿಗೆ ನನ್ನ ಪದ್ಧತಿಯನ್ನು ವಿವರಿಸುತ್ತಿದ್ದೆ. ಅವಳು ಅವರೆಕಾಯಿ ಸುಲಿಯುತ್ತಾ, "ಅವ್ರ ಮನೇಲಿ ಇವತ್ತು ಒಲೆ ಆರಿಸಿ ಕೂತಿದ್ರು. ಒಂದು ಅಗುಳೂ ಬರ್ಲಿಲ್ಲ" ಎಂದಳು.

"ಮತ್ತೆ ಸಾರು?"

"ನಂದೇ. ನಿನ್ನೆ ರಾತ್ರಿ ಅದನ್ನೇ ಉಂಡು, ದನಾನೂ ಮೂಸಲ್ಲ ಅಂದ್ರಲ್ಲ, ಆ ಸಾರು."

ಮುದುಕಿ ಒಪ್ಪಿದ್ದು ಸಾರನ್ನು. ಜಯಮ್ಮ ಸಾರು ಮಾಡಿದರೆ ಖಾರ ಒಂದು ಕಡೆ, ನೀರು ಒಂದು ಕಡೆ ಎಂದು ಅವಳ ತಾಯಿಯೇ ಹೇಳುತ್ತಿದ್ದಳಂತೆ. "ಆಗಲೇ ಯಾಕೆ ಹೇಳಲಿಲ್ಲ ನೀನು?" ಎಂದು ರೇಗಿದೆ.

"ಹುಡುಗಿ ಬಾಳು ದೊಡ್ಡದೋ, ನನ್ ಸಾರಿನ ಹೆಸರು ದೊಡ್ಡದೋ? ಲಗ್ನಕ್ಕೆ ಇನ್ನೂ ದಿನ ಐತೆ. ಕಲಿಸ್ತೀನಿ ಬಿಡಿ" ಎಂದಳು.

ಜಯಮ್ಮ ದಿನಾ ನಮ್ಮ ಅಡುಗೆಮನೆಗೆ ಬರತೊಡಗಿದಳು. ಪರೀಕ್ಷೆ ಮಾಡುವವನು ನಾನು. ಎದುರಿಗೆ ಎರಡು ಬಟ್ಟಲು ಇಟ್ಟರು. ಯಾವುದು ಯಾರದೆಂದು ಹೇಳಬೇಕು. ಮೊದಲ ದಿನವೇ ಒಂದನ್ನು ಬಾಯಿಗಿಟ್ಟು, "ಇದು ನಿಂದೇ, ಅನುಮಾನವೇ ಇಲ್ಲ" ಎಂದು ಹೆಂಡತಿಗೆ ಹೇಳಿದೆ. ಜಯಮ್ಮ ಕುಣಿದಾಡಿಬಿಟ್ಟಳು, ಅದು ಅವಳದು. ಕಲಿಕೆ ಮುಗಿಯಿತು ಎಂದು ನಾನು ಘೋಷಿಸುವಷ್ಟರಲ್ಲಿ ಹೆಂಡತಿ ಆ ಬಟ್ಟಲಿಗೆ ಬೆರಳದ್ದಿ ನೆಕ್ಕಿ, "ಹುಣಸೆಹಣ್ಣೇ ಹಾಕಿಲ್ವಲ್ಲೇ ಮಗಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ ನಾಲಿಗೆ ನಂಬ್ಕೊಂಡು ಹುಡುಗೀನ ಅತ್ತೆ ಮನೆಗೆ ಕಳ್ಸಕ್ಕಾಗಲ್ಲ" ಎಂದು ಬಟ್ಟಲುಗಳನ್ನು ಎತ್ತಿಕೊಂಡು ಹೋದಳು. ಮರುದಿನದಿಂದ ರುಚಿ ನೋಡಲು ಮುನಿಶಾಮಪ್ಪನನ್ನೇ ಕರೆದರು.

ಮದುವೆ ಚೆನ್ನಾಗಿಯೇ ಆಯಿತು. ಜಡಿಗೇನಹಳ್ಳಿಯ ಮುದುಕಿ ಈಗಲೂ ಸೊಸೆಯ ಸಾರನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾಳಂತೆ. ನಾನೂ ಸುಧಾರಿಸಿದ್ದೇನೆ. ಈಗ ಊಟಕ್ಕೆ ಕೂತರೆ ಮೊದಲು, "ಇದು ಯಾರು ಮಾಡಿದ್ದು?" ಎಂದು ಕೇಳುತ್ತೇನೆ. ಅಭಿಪ್ರಾಯ ಕೊಡುವುದು ಆಮೇಲೆ.