ವೈನ್ ಹಬ್ಬದಲ್ಲಿ ನನ್ನ ಉಗಿಯುವ ಕೆಲಸ

ಬೇರೆಯವರು ಬೆಳಿಗ್ಗೆ ಎರಡನೇ ಟೀ ಕುಡಿಯೋ ಹೊತ್ತಿಗೆ ನಾನು ವೈನ್ ಬಾಯಿಗೆ ಹಾಕಿ, ಮುಕ್ಕಳಿಸಿ, ಉಗಿದು, "ಹುಳಿ ಸ್ವಲ್ಪ ಜಾಸ್ತಿ" ಅಂತ ಹೇಳಿ ಸಂಬಳ ತಗೊಳ್ಳೋಳು. ಇಂಥ ಕೆಲಸ ಮಾಡೋರನ್ನ ತಮಾಷೆ ತಾನಾಗಿಯೇ ಹುಡುಕಿಕೊಂಡು ಬರುತ್ತೆ. ಅದರಲ್ಲೂ ವರ್ಷಕ್ಕೊಮ್ಮೆ ಕಂಬಂ ಕಣಿವೆಯ ವೈನ್ ಕಂಪನಿಗಳೆಲ್ಲ ದಿಂಡಿಗಲ್ ಕಡೆಯ ಒಂದು ರೆಸಾರ್ಟಿನಲ್ಲಿ ಶಾಮಿಯಾನ ಹಾಕಿ, ಹೊಸ ಬಾಟ್ಲುಗಳನ್ನ ಜನಕ್ಕೆ ರುಚಿ ತೋರಿಸ್ತಾರಲ್ಲ, ಅಲ್ಲಂತೂ ಕೇಳೋದೇ ಬೇಡ.

ನಾವು ಚಿನ್ನಮನೂರು ಕಡೆಯ ಕನ್ನಡದವರು. ಅಜ್ಜನ ಅಜ್ಜನ ಕಾಲದಿಂದ ಇಲ್ಲೇ, ತಮಿಳರ ನಡುವೆ ಬೇಸಾಯ. ನಮ್ಮ ಮನೆಮಾತು ಕೇಳಿದ ಕರ್ನಾಟಕದವರು "ಇದು ತಮಿಳಾ?" ಅಂತಾರೆ, ತಮಿಳರು "ತೆಲುಗಾ?" ಅಂತಾರೆ. ಮಾವನವರದ್ದು ಪನ್ನೀರ್ ಅನ್ನೋ ಕಪ್ಪು ದ್ರಾಕ್ಷಿಯ ತೋಟ. ಈ ಸಲ ಆ ಚಪ್ಪರದ ಹಣ್ಣೆಲ್ಲ ನಮ್ಮ ಕಂಪನಿಗೇ ಬಂದು, ಗುಲಾಬಿ ಬಣ್ಣದ ಹೊಸ ವೈನ್ ಆಯ್ತು.

ಅತ್ತೆಗೆ ನನ್ನ ಕೆಲಸ ಏನು ಅಂತ ಚೆನ್ನಾಗಿ ಗೊತ್ತು. ಆದರೆ ನೆಂಟರಿಗೆಲ್ಲ "ಸೊಸೆ ಜ್ಯೂಸ್ ಕಂಪನೀಲಿದ್ದಾಳೆ" ಅಂತ ಹೇಳಿಟ್ಟಿದ್ದಾರೆ. ಕೆಲಸಕ್ಕೆ ಸೇರೋ ದಿನವೇ ನನ್ನನ್ನ ಕೂರಿಸಿಕೊಂಡು ಹೇಳಿದ್ದರು: "ನೋಡಮ್ಮಿ, ನಮ್ಮ ಜನರ ಬಾಯಿಗೆ ಈ ಸಂಗತಿ ಬಿದ್ದ ದಿನ ನೀನು ಕೆಲಸ ಬಿಟ್ಟು ಮನೇಲಿ ಕೂತಿರಬೇಕು." ನನಗೆ ಈ ಕೆಲಸ ಅಂದರೆ ಪ್ರಾಣ. ಆದರೂ ಹೂಂ ಅಂದೆ. ನನ್ನ ಗಂಡನನ್ನ ಕೇಳಿದರೆ, ಇಂಥ ವಿಷಯ ಬಂದಾಗ ಅವರಿಗೆ ತಕ್ಷಣ ಮೋಟರ್ ಆಫ್ ಮಾಡೋಕೆ ತೋಟಕ್ಕೆ ಹೋಗಬೇಕಾಗುತ್ತೆ.

ಎತ್ತಿ ಕುಡಿದವರು

ಮೊದಲ ವರ್ಷದ ಹಬ್ಬ. ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ ಇಟ್ಟುಕೊಂಡ ಒಬ್ಬ ದೊಡ್ಡ ರೈತರು ನನ್ನ ಮೇಜಿಗೆ ಬಂದರು. ಕೆಂಪು ವೈನ್ ಒಂದು ಗುಟುಕು ಹಾಕಿಕೊಟ್ಟೆ. ಮೊದಲು ಗ್ಲಾಸ್ ತಿರುಗಿಸಬೇಕು, ಆಮೇಲೆ ವಾಸನೆ ನೋಡಬೇಕು, ಆಮೇಲೆ ನಾಲಿಗೆ ಮೇಲೆ ನಿಲ್ಲಿಸಬೇಕು ಅಂತ ಪಾಠ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿಯಮ್ಮಾ" ಅಂತ ತಲೆಯಾಡಿಸಿ, ಗ್ಲಾಸನ್ನ ಹಣೆಗಿಂತ ಒಂದು ಗೇಣು ಮೇಲೆತ್ತಿ, ಬಾಯಿ ತೆರೆದು ಸುರಿದುಕೊಂಡರು.

ನಮ್ಮ ಕಡೆ ಮರ್ಯಾದಸ್ಥರು ಲೋಟಕ್ಕೆ ತುಟಿ ತಾಗಿಸೋದಿಲ್ಲ. ನೀರಾಗಲಿ, ಮಜ್ಜಿಗೆಯಾಗಲಿ, ಎತ್ತಿಯೇ ಕುಡಿಯಬೇಕು. ಚೊಂಬಿನಲ್ಲಿ ಅದು ಸಲೀಸು. ಆದರೆ ಈ ವೈನ್ ಗ್ಲಾಸಿನ ಹೊಟ್ಟೆ ದಪ್ಪ, ಬಾಯಿ ಸಣ್ಣದು, ಎತ್ತಿದರೆ ಮೊದಲು ಏನೂ ಬರೋದಿಲ್ಲ, ಆಮೇಲೆ ಎಲ್ಲ ಒಟ್ಟಿಗೆ ಬರುತ್ತೆ. ಅರ್ಧ ಗಂಟಲಿಗೆ ಹೋಯ್ತು, ಅರ್ಧ ಬಿಳಿ ಅಂಗಿ ಕುಡೀತು.

"ಅಯ್ಯೋ ಅಣ್ಣಾ!" ಅಂತ ಟವಲ್ ಕೊಟ್ಟೆ. ಅವರು ಒಂದಿಷ್ಟೂ ಅಲ್ಲಾಡಲಿಲ್ಲ. ಕೆಲಸ ಕೆಲಸವೇ ಅಲ್ವಾ, ಕೇಳಿದೆ: "ರುಚಿ ಹೇಗಿತ್ತು ಅಣ್ಣಾ?"

"ನಾಲಿಗೆಗೆ ಎಲ್ಲಿ ಸಿಕ್ತಮ್ಮಾ? ಗಂಟಲು ಮಾತ್ರ ಪರವಾಗಿಲ್ಲ ಅಂತಿದೆ. ಅಂಗಿ ಏನನ್ನುತ್ತೋ ಮನೆಗೆ ಹೋದ ಮೇಲೆ ನನ್ನ ಹೆಂಡತಿ ಹೇಳ್ತಾಳೆ."

ಮೂಸಿದ ಬಾಟ್ಲು

ಇನ್ನೊಂದು ವರ್ಷ ದೊಡ್ಡ ಮೀಸೆಯ ಒಬ್ಬರು ಬಂದರು. ಅವರ ಊರ ಗಡಿಯಲ್ಲಿ ಒಬ್ಬ ಕಾವಲು ಸ್ವಾಮಿ. ಆ ಸ್ವಾಮಿಗೆ ಚುಟ್ಟ, ಸಾರಾಯಿ ಎಲ್ಲ ಇಡೋ ಪದ್ಧತಿ. ಈ ಸಲ ಸ್ವಾಮಿಗೆ ಏನಾದರೂ ಒಳ್ಳೆಯದು ಇಡೋಣ ಅಂತ ಆಸೆ ಅವರಿಗೆ.

ನಾನೂ ಉತ್ಸಾಹದಿಂದ ಕೇಳಿದೆ: "ಸ್ವಾಮಿಗೆ ಸಿಹಿ ಇಷ್ಟವೋ, ಒಗರು ಇಷ್ಟವೋ?"

"ಅವನು ಇಲ್ಲೀವರೆಗೂ ಭಟ್ಟಿ ಸಾರಾಯಿ ಕುಡಿದವನು ತಾಯೀ. ಸಿಹಿ ಇಟ್ಟರೆ, ಸಿರಪ್ ಯಾಕೆ, ನನಗೇನು ಕೆಮ್ಮಾ ಅಂತ ಕೇಳ್ತಾನೆ. ಒಗರೇ ಇರಲಿ."

ಒಂದು ಬಾಟ್ಲು ಬಿಚ್ಚಿ, ಅಭ್ಯಾಸಬಲದಿಂದ ಅದರ ಬಾಯಿಗೆ ಮೂಗಿಟ್ಟು ಒಮ್ಮೆ ವಾಸನೆ ನೋಡಿದೆ. ಕೆಟ್ಟಿದ್ದರೆ ಕೊಡಬಾರದಲ್ಲ. ಮೀಸೆಯವರು "ಅಡಡಾ!" ಅಂತ ತಲೆ ಮೇಲೆ ಕೈ ಹೊತ್ತುಕೊಂಡರು. "ಮೂಸಿಬಿಟ್ಟೆಯಲ್ಲ ತಾಯೀ! ಮೂಸಿದ ಹೂವನ್ನೇ ಸ್ವಾಮಿಗೆ ಏರಿಸೋ ಹಾಗಿಲ್ಲ. ಇದನ್ನ ಹೇಗೆ ಇಡೋದು?"

ತಪ್ಪು ನನ್ನದೇ. ಎಷ್ಟಾದರೂ ನಾನೂ ಹೂ ಕಟ್ಟೋ ಮನೇಲೇ ಬೆಳೆದವಳು. ಬಿಚ್ಚದ ಒಂದು ಬಾಟ್ಲು ಸ್ವಾಮಿಗೆ ಅಂತ ಕೊಟ್ಟು, ಮೂಸಿದ್ದನ್ನ ವಾಪಸ್ ಇಡೋಕೆ ಹೋದೆ. ಅವರು ಕೈ ಹಿಡಿದು ನಿಲ್ಲಿಸಿದರು. "ಇರಲಿ ಇರಲಿ, ಇನ್ನು ಅದು ಯಾರಿಗೂ ಆಗೋದಿಲ್ಲ. ಅದರ ಭಾರ ಬೀಳೋದು ನನ್ನ ತಲೆ ಮೇಲೇ ತಾನೆ, ಕೊಡು."

ಮಾರನೇ ದಿನ ಮಧ್ಯಾಹ್ನ ಮತ್ತೆ ಹಾಜರ್. "ಸ್ವಾಮಿ ಏನಂದ?" ಅಂತ ಕೇಳಿದೆ.

"ಸ್ವಾಮಿಗೆ ಒಂದು ಬಾಟ್ಲು ಸಾಕಂತೆ," ಅಂದು ಮೀಸೆಯೊಳಗೇ ನಕ್ಕು, ಮೇಜಿನ ಮೇಲಿದ್ದ ಒಂದನ್ನ ನನ್ನ ಮೂಗಿನ ಹತ್ತಿರ ತಳ್ಳಿದರು. "ನೀನು ಇದೊಂದನ್ನ ಮೂಸಿಬಿಡು ತಾಯೀ."

ಮೇಷ್ಟ್ರು ಮತ್ತು ಬಕೆಟ್ಟು

ಪ್ರತಿ ಮೇಜಿನ ಪಕ್ಕ ಉಗಿಯೋಕೆ ಒಂದು ಬಕೆಟ್ ಇಟ್ಟಿರ್ತೀವಿ. ರುಚಿ ನೋಡಿ ಉಗಿದುಬಿಟ್ಟರೆ ತಲೆಗೆ ಏರೋದಿಲ್ಲ, ಮುಂದಿನದರ ರುಚಿಯೂ ತಿಳಿಯುತ್ತೆ. ಆದರೆ ನಮ್ಮ ಜನಕ್ಕೆ ಅದು ಒಪ್ಪೋದಿಲ್ಲ. ಬಾಯಿಗೆ ಬಂದ ವಸ್ತುವನ್ನ ಉಗಿಯೋದು ಪಾಪ ಅಂತ ಬಕೆಟ್ಟನ್ನ ಕೆಕ್ಕರಿಸಿ ನೋಡ್ತಾರೆ. ನಾನು ಉಗಿದರೆ ನನ್ನನ್ನೂ ಹಾಗೇ ನೋಡ್ತಾರೆ. ಹಬ್ಬದಲ್ಲಿ ಉಗಿಯೋಳು ನಾನೊಬ್ಬಳೇ ಅಂದರೂ ನಡೆಯುತ್ತೆ.

ಚಿನ್ನಾಳಪಟ್ಟಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಬಂದ ತಕ್ಷಣ, "ನಾನು ಕುಡಿಯೋದಿಲ್ಲ. ರುಚಿ ನೋಡಿ ಉಗಿಯುವುದೇ ವೈಜ್ಞಾನಿಕ," ಅಂದರು. ನನಗೆ ಎಷ್ಟು ಖುಷಿಯಾಯ್ತು ಅಂದರೆ ಬಕೆಟ್ಟನ್ನ ಅವರ ಹತ್ತಿರಕ್ಕೇ ಸರಿಸಿಟ್ಟೆ.

ಮೊದಲನೇದು ಹಾಕಿಕೊಟ್ಟೆ. ಬಾಯಲ್ಲಿ ಇಟ್ಟುಕೊಂಡರು, ಕಣ್ಣು ಮುಚ್ಚಿದರು, ಬಕೆಟ್ಟಿನ ಮೇಲೆ ಬಾಗಿದರು, ಅಷ್ಟರಲ್ಲಿ ಗಂಟಲು ಗುಟುಕ್ ಅಂತು. "ಛೆ, ಜಾರಿಬಿಡ್ತು," ಅಂದರು. ಎರಡನೇದೂ ಜಾರಿತು. ಮೂರನೇದು ಜಾರಿದಾಗ, "ತಪ್ಪು ಎಲ್ಲಾಗ್ತಿದೆ ಅಂತ ನೋಡಬೇಕು, ಮೊದಲಿಂದ ಬರೋಣ," ಅಂದರು. ಮೊದಲಿಂದ ಬಂದರು.

ಹೊರಡೋ ಹೊತ್ತಿಗೆ ಬಕೆಟ್ ಅವರು ಬಂದಾಗ ಹೇಗಿತ್ತೋ ಹಾಗೇ ಒಣಗಿ ನಿಂತಿತ್ತು. ಮೇಷ್ಟ್ರು ಅದರ ಮುಂದೆ ನಿಂತು, ಅದಕ್ಕೆ ಕೈ ಮುಗಿದು, "ನಿನಗೆ ತುಂಬ ತೊಂದರೆ ಕೊಟ್ಟೆ," ಅಂತ ಹೇಳಿ ಹೋದರು.

ಆಶೀರ್ವಾದ ಬಯಸುವ

ಇನ್ನು ಈ ವರ್ಷದ್ದು. ನಮ್ಮ ಮುದಲಾಳಿ, ಅಂದರೆ ಕಂಪನಿ ಯಜಮಾನರು, ಹೊಸ ಗುಲಾಬಿ ವೈನಿಗೆ ಪ್ರಚಾರ ಬೇಕು ಅಂತ ಫ್ಲೆಕ್ಸ್ ಮಾಡಿಸಿದರು. ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚಿಸೋದಕ್ಕೂ ಫ್ಲೆಕ್ಸ್ ಇಲ್ಲದೆ ಆಗೋದಿಲ್ಲ, ಇನ್ನು ವೈನಿಗೆ ಬಿಡ್ತಾರಾ? ವತ್ತಲಗುಂಡು ರೋಡಿನಲ್ಲಿ, ರೆಸಾರ್ಟ್ ಗೇಟಿನ ಪಕ್ಕ, ತೆಂಗಿನ ಮರದ ಎತ್ತರಕ್ಕೆ ನಿಲ್ಲಿಸಿದ್ದರು. ನೋಡ್ತೀನಿ, ಅದರಲ್ಲಿ ನಾನು! ಕೈ ಮುಗಿದುಕೊಂಡು ನಿಂತಿದ್ದೀನಿ, ಪಕ್ಕದಲ್ಲಿ ನನ್ನಷ್ಟೇ ದೊಡ್ಡ ವೈನ್ ಗ್ಲಾಸು. ಪ್ರಿಂಟ್ ಮಾಡಿದವನು ಯಾವುದೋ ಮದುವೆಯ ಫ್ಲೆಕ್ಸಿನ ಅಚ್ಚನ್ನೇ ಬಳಸಿದ್ದ. ನನ್ನ ಕಾಲ ಕೆಳಗೆ "ತಮ್ಮ ಆಶೀರ್ವಾದ ಬಯಸುವ" ಅಂತ ಹಾಗೇ ಉಳಿದಿತ್ತು.

"ಇದೇನು ಅಣ್ಣಾ, ಇಳಿಸಿ ಇದನ್ನ!" ಅಂತ ಮುದಲಾಳಿ ಹತ್ತಿರ ಬೇಡಿಕೊಂಡೆ. ನನ್ನ ಭಯ ಬೇರೆ. ಅದೇ ದಿನ ನಮ್ಮ ಅತ್ತೆ, ನೆಂಟರ ಮಗುವಿನ ಮುಡಿ ಕೊಡೋಕೆ ಅಂತ ವ್ಯಾನ್ ತುಂಬ ಜನರ ಜೊತೆ ಪಳನಿಗೆ ಹೋಗಿದ್ದರು. ವಾಪಸ್ ಬರೋದು ಅದೇ ರೋಡಲ್ಲಿ.

ಮುದಲಾಳಿ ಫ್ಲೆಕ್ಸನ್ನ ಮೇಲಿಂದ ಕೆಳಗೆ ನೋಡಿ, "ಇರಲಿ ಬಿಡಮ್ಮಾ. ನಾಲ್ಕು ಜನರ ಆಶೀರ್ವಾದ ಬಂದರೆ ಬೇಡ ಅನ್ನೋಕಾಗುತ್ತಾ?" ಅಂದರು.

ಪಳನಿಯ ವ್ಯಾನು

ಸಂಜೆ ನನ್ನನ್ನ ವೇದಿಕೆ ಮೇಲೆ ನಿಲ್ಲಿಸಿದ್ದರು. ಮೂರು ಕಂಪನಿಗಳ ಹೊಸ ವೈನು, ಮೂರು ಗ್ಲಾಸು, ಪಕ್ಕದಲ್ಲಿ ಬಕೆಟ್, ಕೈಯಲ್ಲಿ ಮೈಕು. ರುಚಿ ನೋಡೋದು ಹೇಗೆ ಅಂತ ಜನಕ್ಕೆ ತೋರಿಸಬೇಕು. ಮೂರನೇ ಗ್ಲಾಸು ನಮ್ಮ ತೋಟದ ಹಣ್ಣಿನದು.

ಮಾತು ಶುರು ಮಾಡಿದ್ದೆ ಅಷ್ಟೇ. ಶಾಮಿಯಾನದ ಬಾಗಿಲಲ್ಲಿ ಗಂಧ ಬಳಿದ ಬೋಳು ತಲೆಗಳು ಒಂದಾದ ಮೇಲೊಂದು ಕಾಣಿಸಿಕೊಂಡವು. ಕೈಯಲ್ಲಿ ಪಂಚಾಮೃತದ ಡಬ್ಬಿ. ಎಲ್ಲರಿಗಿಂತ ಮುಂದೆ ದೊಡ್ಡತ್ತೆ, ಅಂದರೆ ಮಾವನವರ ಅಕ್ಕ. ನಮ್ಮ ಜನದಲ್ಲಿ ಅವರಿಗೆ ಒಂದು ಮಾತು ಹೇಳಿದರೆ ಮಾರ್ಕಯನ್‌ಕೋಟ್ಟೈವರೆಗೆ ಬೇರೆ ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಫ್ಲೆಕ್ಸ್ ನೋಡಿ ವ್ಯಾನ್ ನಿಲ್ಲಿಸಿದ್ದೂ ಅವರೇ ಅಂತ ಆಮೇಲೆ ಗೊತ್ತಾಯ್ತು. ಎಲ್ಲರ ಹಿಂದೆ ನಮ್ಮ ಅತ್ತೆ. ಮುಖ ಕಪ್ಪಿಟ್ಟಿತ್ತು.

"ಏನೇ ಇದು?" ದೊಡ್ಡತ್ತೆ ಅತ್ತೆಯ ಕಡೆ ತಿರುಗಿದರು. ಅವರಿಗೆ ಮೈಕ್ ಬೇಕಿಲ್ಲ. "ಜ್ಯೂಸ್ ಕಂಪನಿ ಅಂದೆ. ಇಲ್ಲಿ ಬೇರೆ ವಾಸನೆ ಬರ್ತಿದೆ!"

ಮುಗೀತು, ನಾಳೆಯಿಂದ ಮನೇಲಿ ಕೂತು ಬೆಳ್ಳುಳ್ಳಿ ಬಿಡಿಸೋದೇ ಅಂದುಕೊಂಡೆ. ಮುದಲಾಳಿ ಕೆಳಗಿಂದ "ಮುಂದುವರಿಸಮ್ಮಾ" ಅಂತ ಸನ್ನೆ ಮಾಡಿದರು. ಸರಿ, ಹೋಗೋ ಕೆಲಸವನ್ನ ಚೆನ್ನಾಗಿ ಮಾಡಿಯೇ ಹೋಗೋಣ ಅಂತ ಮೊದಲ ಗ್ಲಾಸ್ ಎತ್ತಿದೆ. ತಿರುಗಿಸಿದೆ, ವಾಸನೆ ನೋಡಿದೆ, ಬಾಯಿಗೆ ಹಾಕಿದೆ. "ಅಯ್ಯೋ ಮುರುಗಾ!" ಅಂದರು ದೊಡ್ಡತ್ತೆ. ಉಗಿದೆ. ಎರಡನೇದು ಬಾಯಿಗೆ ಹಾಕಿದೆ, ಉಗಿದೆ. ಮೂರನೇದು ಬಾಯಿಗೆ ಹೋದ ಕೂಡಲೇ ಮಾವನವರ ಚಪ್ಪರದ ಕೆಳಗೆ ನಿಂತ ಹಾಗಾಯ್ತು. ಅಷ್ಟು ಚೆನ್ನಾಗಿತ್ತು, ನಿಜವಾಗಿ ಹೇಳ್ತೀನಿ. ಉಗಿಯೋಕೆ ಮನಸ್ಸೇ ಬರಲಿಲ್ಲ. ಆದರೆ ಎಲ್ಲರ ಕಣ್ಣೂ ನನ್ನ ಗಂಟಲ ಮೇಲೆ. ಅದನ್ನೂ ಉಗಿದೆ.

ಆಗ ನಮ್ಮ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

"ನೋಡ್ಕೊಂಡ್ರಾ ಎಲ್ಲರೂ?" ಅಂತ ನೆಂಟರ ಕಡೆ ಕೈ ಬೀಸಿದರು. "ಊರೆಲ್ಲ ಕುಡಿಯೋ ಜಾಗದಲ್ಲಿ ನಮ್ಮ ಮನೆ ಸೊಸೆ ಒಬ್ಬಳೇ ಉಗೀತಾಳೆ! ಬಾಯೊಳಗೆ ಹಾಕಿದರೂ ಒಂದು ತೊಟ್ಟು ಕೆಳಗೆ ಬಿಡಲ್ಲ. ಕಂಪನಿಯೋರು ಇವಳನ್ನ ಇಟ್ಟುಕೊಂಡಿರೋದೇ ಅದಕ್ಕೆ! ಈ ಕಟ್ಟುನಿಟ್ಟು ಯಾರಿಗೆ ಬರುತ್ತೆ, ಹೇಳಿ?"

ಬೋಳು ತಲೆಗಳು ಒಂದನ್ನೊಂದು ನೋಡಿಕೊಂಡವು. ದೊಡ್ಡತ್ತೆ ಬಕೆಟ್ಟಿನೊಳಗೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಇನ್ನೊಂದು ಇಂಥ ಕೆಲಸ ಇದ್ದರೆ ನನ್ನ ಮಗನಿಗೆ ಕೊಡಿಸಮ್ಮಾ. ಬಾಯಿಗೆ ಹಾಕೋದು ಅವನಿಗೆ ಚೆನ್ನಾಗಿ ಬರುತ್ತೆ. ಉಗಿಯೋದು ಮಾತ್ರ ನೀನು ಕಲಿಸಿಕೊಡು," ಅಂದರು.

ಕೆಲಸ ಉಳೀತು. ಎಲ್ಲರೂ ಬಾಯಿ ತುಂಬ ನನ್ನನ್ನ ಹೊಗಳಿಕೊಂಡು ವ್ಯಾನ್ ಹತ್ತಿದರು. ನನಗೆ ಅಳುವೂ ಬರ್ತಿತ್ತು, ನಗುವೂ ಬರ್ತಿತ್ತು. ಅತ್ತೆ ಮಾತ್ರ ಹತ್ತಲಿಲ್ಲ. ನನ್ನನ್ನ ಆ ಫ್ಲೆಕ್ಸಿನ ಹಿಂದಕ್ಕೆ ಎಳೆದುಕೊಂಡು ಹೋದರು. ಮುಖ ಗಂಟಿಕ್ಕಿತ್ತು.

"ಮೂರನೇದನ್ನ ಬಾಯಲ್ಲಿ ಇಟ್ಕೊಂಡು ಯೋಚನೆ ಮಾಡ್ತಿದ್ದೆಯಲ್ಲ, ಅದು ನಮ್ಮ ತೋಟದ್ದಾ?"

"ಹೌದತ್ತೆ."

"ಹೇಗಿತ್ತು?"

"ಎಲ್ಲದಕ್ಕಿಂತ ಚೆನ್ನಾಗಿತ್ತು ಅತ್ತೆ."

"ಮತ್ತೆ ಅದನ್ನೂ ಬೇರೆಯವರದ್ದರ ಜೊತೆ ಉಗಿದುಬಿಟ್ಟೆಯಲ್ಲೇ!" ಅಂತ ತಲೆಗೊಂದು ಮೊಟಕಿದರು. "ನಿನ್ನ ಮಾವ ಚಪ್ಪರದ ಕೆಳಗೆ ಕತ್ತು ಮೇಲೆತ್ತಿ ದುಡಿದು ದುಡಿದು, ಈಗ ಬಸ್ಸಲ್ಲಿ ಕೂತರೂ ಆಕಾಶವನ್ನೇ ನೋಡ್ತಾರೆ. ಹೊಟ್ಟೆ ಉರಿಯಲ್ವಾ ನನಗೆ?"

ವ್ಯಾನಿನವನು ಹಾರ್ನ್ ಹೊಡೆದ. ಅತ್ತೆ ದೊಡ್ಡತ್ತೆ ಕೂತಿದ್ದ ಕಿಟಕಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಊರವರದ್ದೆಲ್ಲ ಉಗಿ, ನಾನು ಬೇಡ ಅನ್ನಲ್ಲ. ನಮ್ಮದು ಬಂದಾಗ ಮಾತ್ರ ಆ ಕಡೆ ತಿರುಗಿ ನುಂಗಿಬಿಡು!"